ಮೋಟಾರಿಗಿಂತ ಮೊದಲು ಫೆನ್ಸ್ ನೋಡಿ
ಗ್ಯಾರೇಜಿನಲ್ಲೋ ಹಿತ್ತಲ ಶೆಡ್ಡಿನಲ್ಲೋ ಮರಗೆಲಸ ಶುರುಮಾಡುವವರು ಟೇಬಲ್ ಸಾ (ಮೇಜಿನ ಗರಗಸ) ಕೊಳ್ಳಲು ಹೋದಾಗ ಮೊದಲು ವಿಚಾರಿಸುವುದು ಮೋಟಾರಿನ ಶಕ್ತಿಯನ್ನು. ನಾನು ಮೊದಲು ನೋಡುವುದು ಫೆನ್ಸನ್ನು. ಹಲಗೆಯನ್ನು ಒರಗಿಸಿ ಮುಂದೆ ತಳ್ಳುವ ಆ ಪಟ್ಟಿ ಬ್ಲೇಡಿಗೆ ಸಮಾನಾಂತರವಾಗಿ ನಿಂತು, ಬಿಗಿದ ಮೇಲೆ ಅಲುಗದಿದ್ದರೆ ಮಾತ್ರ ಕೊಯ್ದ ಅಂಚು ನೇರ ಬರುತ್ತದೆ. ಫೆನ್ಸಿನ ಹಿಂತುದಿ ಬ್ಲೇಡಿನತ್ತ ವಾಲಿದರೆ ಮರ ಸಿಕ್ಕಿಕೊಂಡು, ತಳ್ಳುವವರ ಮೈಮೇಲೆಯೇ ಸಿಡಿದು ಬರಬಹುದು. ಈ ಸಿಡಿತ ತಡೆಯಲೆಂದೇ ಬ್ಲೇಡಿನ ಹಿಂದೆ, ಅದರ ಜೊತೆಯಲ್ಲೇ ಏರಿಳಿಯುವ ತೆಳು ಉಕ್ಕಿನ ತಗಡೊಂದು ಇರುತ್ತದೆ. ಹೆಸರು ರೈವಿಂಗ್ ನೈಫ್. ಕೈಯಲ್ಲಿ ಹಿಡಿಯುವ ಕಟಿಂಗ್ ಮಷೀನನ್ನು ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಬಿಗಿದು ಮಾಡಿಕೊಳ್ಳುವ ಅಗ್ಗದ ಗರಗಸಗಳಲ್ಲಿ ಸಾಮಾನ್ಯವಾಗಿ ಈ ನೈಫೂ ಇರುವುದಿಲ್ಲ, ಬ್ಲೇಡನ್ನು ಮುಚ್ಚುವ ಗಾರ್ಡೂ ಇರುವುದಿಲ್ಲ. ಉಳಿಸಿದ ಹಣಕ್ಕೆ ಬೆರಳು ತೆರಬೇಕಾದೀತು, ದಯವಿಟ್ಟು ಆ ದಾರಿ ಬೇಡ. ಅಮೆರಿಕದ ಸಾಸ್ಟಾಪ್ ಕಂಪನಿ 2004ರಿಂದ ಮಾರುತ್ತಿರುವ ಗರಗಸಗಳಲ್ಲಿ ಚರ್ಮ ತಾಗಿದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲುತ್ತದೆ. ಆಮೇಲೆ ಬ್ರೇಕಿನ ಕಾರ್ಟ್ರಿಜ್ ಬದಲಿಸಬೇಕು, ಬ್ಲೇಡೂ ಬಹುಪಾಲು ಹಾಳಾಗಿರುತ್ತದೆ. ಬೆರಳಿನ ಮುಂದೆ ಅದೊಂದು ಖರ್ಚೇ ಅಲ್ಲ. ಮನೆಯ ಮಟ್ಟಿಗೆ 10 ಇಂಚಿನ ಬ್ಲೇಡು ಸಾಕು, ಸುಮಾರು 3 ಇಂಚು ದಪ್ಪದ ಮರವನ್ನೂ ಕೊಯ್ಯುತ್ತದೆ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್ ಇರಲಿ. 8 ಅಡಿ ಪ್ಲೈವುಡ್ ಹಾಳೆ ಕೊಯ್ಯುವುದಾದರೆ ಯಂತ್ರದ ಹಿಂದೆಯೂ ಮುಂದೆಯೂ ಅಷ್ಟೇ ಜಾಗ ಬೇಕು. ಅಂಗಡಿಯಲ್ಲಿ ಫೆನ್ಸ್ ಬಿಗಿದು, ಅದರ ಹಿಂತುದಿಯನ್ನು ಪಕ್ಕಕ್ಕೆ ತಳ್ಳಿ ನೋಡಿ. ಅಲುಗಿದರೆ ಆ ಯಂತ್ರ ಕೊಳ್ಳಬೇಡಿ.