ಜೊತೆಗೆ ಹೋಗುವವರು ಬೇಕು: ಬಂದ ಆಕ್ಷೇಪಗಳಿಗೆ ನನ್ನ ಉತ್ತರ

ಅಪರಾಧಕ್ಕೆ ಸಿಕ್ಕಿ ನೊಂದವರ ಜೊತೆ ನಿಲ್ಲಲು ಬ್ರಿಸ್ಬೇನಿನ ನಮ್ಮ ಕನ್ನಡ ಬಳಗದಲ್ಲಿ ಮೂರೇ ಮೂರು ಜನರ ತಂಡವೊಂದು ಇರಲಿ ಎಂದು ಸೇಂಟ್ ಲೂಸಿಯಾದ ನಮ್ಮ ಕೂಟದಲ್ಲಿ ನಾನು ಕೇಳಿಕೊಂಡಿದ್ದೆ. ಠಾಣೆಗೆ ಜೊತೆಯಲ್ಲಿ ಹೋಗುವುದು, ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರುವುದು, ಒಡೆದ ಬೀಗ ಬದಲಾಗುವ ತನಕ ಆ ಮನೆಯಲ್ಲಿ ಒಬ್ಬರು ಮಲಗುವುದು, ಇಂಥವೇ ಅದರ ಕೆಲಸ. ಇದಕ್ಕೆ ಇಷ್ಟೊಂದು ವಿರೋಧ ಬರುತ್ತದೆಂದು ನಾನು ಎಣಿಸಿರಲಿಲ್ಲ. ವಿರೋಧಿಸಿದವರಲ್ಲಿ ಹೆಚ್ಚಿನವರು ನನಗಿಂತ ಹಿರಿಯರು. ಅವರ ಮನೆಗಳಲ್ಲಿ ಯುಗಾದಿ ಊಟ ಉಂಡವನು ನಾನು. ಅವರ ಮಾತಿಗೆ ಉತ್ತರ ಕೊಡದೆ ಸುಮ್ಮನಿದ್ದರೆ ಅದು ಅವರಿಗೆ ತೋರುವ ಗೌರವವಲ್ಲ.

ಮೊದಲ ಆಕ್ಷೇಪ: ಇದು ಪೊಲೀಸರ ಕೆಲಸ, ತೆರಿಗೆ ಕಟ್ಟುವುದು ಇದಕ್ಕೇ ಅಲ್ಲವೇ?

ಇದಕ್ಕೆ ಉತ್ತರ ಒಬ್ಬ ಪೊಲೀಸ್ ಅಧಿಕಾರಿಯ ಬದುಕಿನಲ್ಲೇ ಇದೆ. ಅಡಿಲೇಡಿನಲ್ಲಿ ಹುಟ್ಟಿದ ರೇ ವಿಟ್‌ರಾಡ್ 1970ರಿಂದ 1976ರವರೆಗೆ ಕ್ವೀನ್ಸ್‌ಲ್ಯಾಂಡಿನ ಪೊಲೀಸ್ ಕಮಿಷನರ್ ಆಗಿದ್ದವರು. 1976ರ ಜುಲೈಯಲ್ಲಿ ನಾವು ದಿನವೂ ಓಡಾಡುವ ಇದೇ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೆರವಣಿಗೆಯಲ್ಲಿ ಅಧಿಕಾರಿಯೊಬ್ಬ ಹುಡುಗಿಯೊಬ್ಬಳ ತಲೆಗೆ ಲಾಠಿ ಬೀಸಿದ. ವಿಚಾರಣೆ ಆಗಲೇಬೇಕು ಎಂದರು ವಿಟ್‌ರಾಡ್. ಕೂಡದು ಎಂದರು ಪ್ರೀಮಿಯರ್ ಬಿಯೆಲ್ಕೆ ಪೀಟರ್ಸನ್. ಭ್ರಷ್ಟನೆಂದು ತಾವು ನಂಬಿದ್ದ ಟೆರಿ ಲೂಯಿಸ್ ಎಂಬ ಪೊಲೀಸ್ ಅಧಿಕಾರಿಯನ್ನು ಸರ್ಕಾರ ತಮ್ಮ ಕೈಕೆಳಗೆ ಮೇಲೇರಿಸಿದಾಗ ಆ ವರ್ಷದ ಕೊನೆಗೆ ವಿಟ್‌ರಾಡ್ ರಾಜೀನಾಮೆ ಕೊಟ್ಟರು. ಮುಂದೆ ಊರಿಗೆ ಮರಳಿದ ಮನುಷ್ಯ ಮಾಡಿದ ಕೆಲಸ ಕೇಳಿ. ಅಡಿಲೇಡಿನ ಸುತ್ತಮುತ್ತ ಏಳು ಯುವತಿಯರು ಕೊಲೆಯಾಗಿದ್ದರು, ಟ್ರೂರೋ ಎಂಬ ಊರಿನ ಬಳಿ ಅವರಲ್ಲಿ ಕೆಲವರ ಅವಶೇಷ ಸಿಕ್ಕಿತ್ತು. ಆ ಹೆತ್ತವರ ಸಂಕಟ ಕಣ್ಣೆದುರಿಗಿದ್ದಾಗ, 1979ರಲ್ಲಿ, ನೊಂದವರ ನೆರವಿಗೆಂದೇ ಒಂದು ಸ್ವಯಂಸೇವಾ ಸಂಸ್ಥೆ ಕಟ್ಟಲು ಅವರು ಮುಂದಾದರು.

ಜೀವಮಾನವಿಡೀ ಪೊಲೀಸ್ ಕೆಲಸ ಮಾಡಿದ ವ್ಯಕ್ತಿಗೇ ಕಂಡದ್ದು ಇದು: ಪೊಲೀಸರ ಕಣ್ಣು ಅಪರಾಧಿಯ ಮೇಲಿರುತ್ತದೆ, ನ್ಯಾಯಾಲಯದ ಕಣ್ಣು ಸಾಕ್ಷ್ಯದ ಮೇಲಿರುತ್ತದೆ, ಮಗಳನ್ನು ಕಳೆದುಕೊಂಡ ತಾಯಿಯನ್ನು ನೋಡಲು ಬೇರೆ ಯಾರಾದರೂ ಬೇಕಾಗುತ್ತದೆ. ಅಡಿಲೇಡಿನ ಅಂಥ ಪ್ರಯತ್ನಗಳ ಬೆನ್ನಿಗೇ ದಕ್ಷಿಣ ಆಸ್ಟ್ರೇಲಿಯ 1985ರಲ್ಲಿ ನೊಂದವರ ಹಕ್ಕುಗಳನ್ನು ಘೋಷಿಸಿತು. ಅದೇ ವರ್ಷ ನವೆಂಬರಿನಲ್ಲಿ ವಿಶ್ವಸಂಸ್ಥೆಯೂ ಘೋಷಿಸಿತು. ಕಮಿಷನರ್ ಹುದ್ದೆಯಲ್ಲಿ ಕೂತಿದ್ದವರಿಗೆ ಪೊಲೀಸರಷ್ಟೇ ಸಾಲದು ಎನ್ನಿಸಿದ್ದರೆ, ನಾವು ಸಾಕು ಎನ್ನುವುದು ಹೇಗೆ?

ಎರಡನೆಯದು: ಶಿಕ್ಷೆ ಬಿಗಿಯಾದರೆ ಎಲ್ಲ ಸರಿಹೋಗುತ್ತದೆ, ಸಾಂತ್ವನ ಯಾರಿಗೆ ಬೇಕು?

ಶಿಕ್ಷೆ ಬೇಡವೆಂದು ನಾನು ಹೇಳಿಲ್ಲ. 2024ರ ಡಿಸೆಂಬರಿನಲ್ಲಿ ಇಲ್ಲಿಯ ಶಾಸನಸಭೆ, ಗಂಭೀರ ಅಪರಾಧ ಮಾಡಿದ ಅಪ್ರಾಪ್ತರಿಗೂ ದೊಡ್ಡವರಿಗೆ ಕೊಡುವ ಶಿಕ್ಷೆಯನ್ನೇ ಕೊಡುವ ಕಾನೂನು ತಂದಾಗ ನಮ್ಮಲ್ಲಿ ಹಲವರು ನೆಮ್ಮದಿಪಟ್ಟರು. ಅದರ ಸರಿ ತಪ್ಪು ಬೇರೆ ಚರ್ಚೆ. ಆದರೆ ಮನ್‌ಮೀತ್ ಅಲಿಶೇರ್‌ನನ್ನು ನೆನೆಯಿರಿ. 2016ರ ಅಕ್ಟೋಬರ್ 28ರ ಬೆಳಿಗ್ಗೆ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮೂರೂಕದಲ್ಲಿ, ಪಂಜಾಬಿನ ಆ ಬಸ್ ಚಾಲಕನ ಮೇಲೆ ಒಬ್ಬ ಉರಿಯುವ ವಸ್ತು ಎಸೆದ. ಹಿಂದಿನ ಬಾಗಿಲು ಒದ್ದು ತೆರೆದು ಪ್ರಯಾಣಿಕರನ್ನು ಇಳಿಸಿದ್ದು ದಾರಿಯಲ್ಲಿದ್ದ ಟ್ಯಾಕ್ಸಿ ಚಾಲಕ. ಮನ್‌ಮೀತ್ ಉಳಿಯಲಿಲ್ಲ. ಕೊಂದವನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಮಾನಸಿಕ ಆರೋಗ್ಯ ನ್ಯಾಯಾಲಯ 2018ರಲ್ಲಿ ತೀರ್ಮಾನಿಸಿತು. ಕೊಲೆ ವಿಚಾರಣೆ ನಡೆಯಲೇ ಇಲ್ಲ, ಆತ ಜೈಲಿಗೆ ಹೋಗದೆ ಭದ್ರತೆಯ ಚಿಕಿತ್ಸೆಗೆ ಹೋದ. ಯಾವ ಬಿಗಿ ಕಾನೂನು ಆ ತಂದೆತಾಯಿಗೆ ಏನು ಕೊಡಬಲ್ಲದಾಗಿತ್ತು? ಅವರ ಕೈ ಹಿಡಿದದ್ದು ಜನ. ಮೂರೂಕದ ಒಂದು ಪಾರ್ಕಿಗೆ ಅವನ ಹೆಸರಿದೆ. ಇವತ್ತಿಗೂ ನಾನು 412ನೇ ಬಸ್ ಹತ್ತಿ ಚಾಲಕರ ಪಕ್ಕದ ತಡೆಗೋಡೆ ನೋಡಿದಾಗಲೆಲ್ಲ ಅವನ ನೆನಪಾಗುತ್ತದೆ. ಅಂಥ ತಡೆ ಬೇಕೆಂಬ ಒತ್ತಾಯ ಗಟ್ಟಿಯಾದದ್ದು ಆ ಸಾವಿನ ನಂತರ.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. 2015ರ ಮಾರ್ಚ್ 7ರ ರಾತ್ರಿ ಸಿಡ್ನಿಯ ಪರಮಟ್ಟಾ ಪಾರ್ಕಿನ ದಾರಿಯಲ್ಲಿ, ಬೆಂಗಳೂರಿನಲ್ಲಿದ್ದ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತ ನಡೆಯುತ್ತಿದ್ದ ನಮ್ಮ ಕರಾವಳಿಯ ಹೆಣ್ಣುಮಗಳು ಇರಿತಕ್ಕೆ ಬಲಿಯಾದಳು. ವರ್ಷಗಳು ಉರುಳಿದರೂ ಕೊಲೆಗಾರ ಕೈಗೆ ಸಿಗಲಿಲ್ಲ. ಸಿಗದವನಿಗೆ ಶಿಕ್ಷೆ ಎಲ್ಲಿಯದು? ಆ ಮನೆಯ ದುಃಖವಂತೂ ಅವನು ಸಿಗಲೆಂದು ಕಾಯುತ್ತ ನಿಲ್ಲುವುದಿಲ್ಲವಲ್ಲ.

ಮೂರನೆಯದು ಭಯದಿಂದ ಬಂದ ಆಕ್ಷೇಪ. ದೂರು ಕೊಟ್ಟರೆ ವೀಸಾಕ್ಕೆ ಕಲ್ಲು ಬೀಳುತ್ತದೆ, ಪಿಆರ್ ಎಂಬ ಕಾಯಂ ವಾಸದ ಕನಸು ಮುಗಿಯುತ್ತದೆ ಎನ್ನುತ್ತಾರೆ. ಈ ಮಾತನ್ನು ನಂಬಿದ ಹುಡುಗನೊಬ್ಬನನ್ನು ನಾನು ಬಲ್ಲೆ. ಹಾಸನದ ಕಡೆಯವನು. ರಾತ್ರಿ ಊಟ ತಲುಪಿಸುವ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಇಬ್ಬರು ಅಡ್ಡಗಟ್ಟಿ ಹೊಡೆದು ಫೋನು ಕಸಿದುಕೊಂಡರು. ದವಡೆ ಬಾತಿತ್ತು. ಕೇಳಿದವರಿಗೆಲ್ಲ ಹಲ್ಲುನೋವು ಎಂದ. ಒಂದು ವರ್ಷದ ಹತ್ತಿರ ಆದಮೇಲೆ, ಸಂಜೆ ನಂತರ ಮನೆಯಿಂದ ಹೊರಗೆ ಕಾಲಿಡಲು ಆಗುತ್ತಿಲ್ಲ ಅಣ್ಣ ಎಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತ. ಏಟಿನ ನೋವಿಗಿಂತ ಆ ಮೌನ ಅವನನ್ನು ಹೆಚ್ಚು ತಿಂದಿತ್ತು.

ಅಪರಾಧಕ್ಕೆ ಬಲಿಯಾಗುವುದು ತಪ್ಪಲ್ಲ, ಏಟು ತಿಂದವರು ದೂರು ಕೊಟ್ಟರೆಂಬ ಕಾರಣಕ್ಕೆ ವೀಸಾ ಹೋಗುವುದಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಹಿಂಸೆಗೆ ಒಳಗಾದವರಿಗೆ ನೆರವು ಕೊಡುವ 2009ರ ಕಾನೂನು ನೋಡುವುದು ಕೃತ್ಯ ಈ ರಾಜ್ಯದಲ್ಲಿ ನಡೆಯಿತೇ ಎಂಬುದನ್ನು, ನಿಮ್ಮ ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ಹೊಡೆದವನು ಸಿಕ್ಕಿಬೀಳಲೇಬೇಕೆಂದೂ ಇಲ್ಲ. ದೊಡ್ಡವರು ಸಾಮಾನ್ಯವಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಪರ್ತ್ ಮತ್ತು ಅಡಿಲೇಡಿನಲ್ಲಿರುವ ನಮ್ಮವರಿಗೂ ಇದೇ ಮೂರು ವರ್ಷದ ಗಡುವು ಎಂಬುದು ಗೊತ್ತಿರಲಿ. ನಮ್ಮ ಹುಡುಗನಿಗೆ ಇದನ್ನು ಮೊದಲ ವಾರವೇ ಹೇಳುವವರಿದ್ದಿದ್ದರೆ!

ನಾಲ್ಕನೆಯದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ಮನೆಯ ಮಾತು ಬೀದಿಗೆ ಬರುತ್ತದೆ, ಗಂಡಹೆಂಡಿರ ಜಗಳ ಉಂಡು ಮಲಗುವ ತನಕ, ಸಂಘ ಇದರಲ್ಲಿ ಕೈ ಹಾಕಿದರೆ ನಮ್ಮ ಜನದ ಮರ್ಯಾದೆ ಹೋಗುತ್ತದೆ ಎಂದರು.

ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳಿವೆ. 2020ರ ಫೆಬ್ರವರಿಯಲ್ಲಿ ಬ್ರಿಸ್ಬೇನಿನ ಕ್ಯಾಂಪ್ ಹಿಲ್‌ನಲ್ಲಿ ಬಿಟ್ಟುಹೋದ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕಾರಿನಲ್ಲಿ ಸುಟ್ಟುಹಾಕಿದವನು ಆ ಹೆಣ್ಣಿನ ಗಂಡನೇ. ಅದಕ್ಕೆ ಮುಂಚೆ ವರ್ಷಗಟ್ಟಲೆ ನಡೆದದ್ದು ಹಿಡಿತ: ಏನು ಉಡಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲಿಗೆ ಹೋಗಬೇಕು. ಅಂಥ ದಬ್ಬಾಳಿಕೆಯ ಹಿಡಿತವೇ 2025ರ ಮೇ 26ರಿಂದ ಕ್ವೀನ್ಸ್‌ಲ್ಯಾಂಡಿನಲ್ಲಿ 14 ವರ್ಷದವರೆಗೆ ಜೈಲು ಕಾಣಿಸಬಲ್ಲ ಅಪರಾಧ. ಸಂಬಳದ ಕಾರ್ಡು ಕಿತ್ತುಕೊಳ್ಳುವುದು, ಊರಿಗೆ ಫೋನು ಮಾಡಲು ಬಿಡದಿರುವುದು, ವೀಸಾ ರದ್ದು ಮಾಡಿಸುತ್ತೇನೆ ಎಂದು ಹೆದರಿಸುವುದು ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲವರು ಯಾರಿದ್ದಾರೆ? ಆ ಕೊನೆಯ ಬೆದರಿಕೆಯಂತೂ ಗಂಡ ಹೇಳುವಷ್ಟು ಗಟ್ಟಿಯಲ್ಲ. ಸಂಗಾತಿ ವೀಸಾದ ಮೇಲೆ ಬಂದವಳು ಹಿಂಸೆಯ ಕಾರಣಕ್ಕೆ ಸಂಸಾರ ಬಿಟ್ಟರೂ ಕಾಯಂ ವಾಸದ ಅರ್ಜಿ ಮುಂದುವರಿಸಲು ವಲಸೆ ನಿಯಮದಲ್ಲೇ ದಾರಿಯಿದೆ. ಮೈಸೂರಿನಿಂದಲೋ ದಾವಣಗೆರೆಯಿಂದಲೋ ಮದುವೆಯಾಗಿ ಬಂದು ಇಲ್ಲಿ ಒಬ್ಬರನ್ನೂ ಅರಿಯದ ಹೆಣ್ಣಿಗೆ ಇದನ್ನು ಕನ್ನಡದಲ್ಲಿ ಹೇಳುವ ಒಬ್ಬ ಅಕ್ಕ ಬೇಕು. ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅವಳದು. ಅವಳ ಹೆಸರು ಆ ಅಕ್ಕನ ಬಾಯಿಂದ ಹೊರಬೀಳಕೂಡದು, ಸಂಘದ ಅಧ್ಯಕ್ಷರ ಕಿವಿಗೂ. ಮರ್ಯಾದೆಯ ಪ್ರಶ್ನೆ ಎತ್ತಿದವರು ನನ್ನ ಪ್ರಸ್ತಾಪದ ಈ ಷರತ್ತನ್ನು ಗಮನಿಸಿದಂತಿಲ್ಲ.

ದುಡ್ಡಿಗಾಗಿ ಸುಳ್ಳು ದೂರು ಹೆಚ್ಚುತ್ತದೆ ಎಂಬ ಮಾತಿಗೆ ಹೆಚ್ಚು ಬೇಕಿಲ್ಲ. ನೊಂದವರಿಗೆ ಸಿಗುವ ನೆರವು ಕ್ವೀನ್ಸ್‌ಲ್ಯಾಂಡಿನಲ್ಲಿ 1,20,000, ಅಡಿಲೇಡಿನಲ್ಲಿ 1,00,000, ಪರ್ತಿನಲ್ಲಿ 75,000 ಡಾಲರ್ ಎಂದು ಕೇಳಿ ಗಾಬರಿಯಾಗಬೇಡಿ, ಅವು ಮೇಲ್ಮಿತಿ. ಇಲ್ಲಿ ಆಸ್ಪತ್ರೆ, ಆಪ್ತಸಮಾಲೋಚನೆ, ಬೀಗ, ಕಳೆದುಹೋದ ಸಂಬಳ ಎಲ್ಲಕ್ಕೂ ದಾಖಲೆ ಕೊಡಬೇಕು. ಬರೀ ಸೊತ್ತು ಕಳವಾದರೆ ಈ ನಿಧಿಯಿಂದ ಬರುವುದಿಲ್ಲ, ಅದು ಇನ್ಶೂರೆನ್ಸಿನ ವಿಷಯ. ಶಿಕ್ಷೆಯಾದವನಿಂದ ಸರ್ಕಾರ ಹಣ ವಸೂಲಿ ಮಾಡಲೂಬಹುದು. ಇನ್ನು ಇದು ಬಿಳಿಯರ ದೇಶದ ಶೋಕಿ ಎಂದವರಿಗೆ: ಕರ್ನಾಟಕದಲ್ಲಿ ನೊಂದವರ ಪರಿಹಾರ ಯೋಜನೆ 2011ರಿಂದಲೇ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನೊಂದವರಿಗೆ ಪೊಲೀಸರು ತಿಳಿಸಬೇಕು.

ನಾವೇ ಹುಷಾರಾಗಿದ್ದರೆ ಸಾಕು ಎಂದವರೂ ಇದ್ದರು. ಹುಷಾರಾಗಿರೋಣ. ಹಬ್ಬಕ್ಕೆ ತೆಗೆದ ಒಡವೆ ಮರುದಿನವೇ ಬ್ಯಾಂಕಿನ ಲಾಕರಿಗೆ ಹೋಗಲಿ, ಕಾರಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗದಿರಲಿ. ಆದರೆ ರಾತ್ರಿ ಲ್ಯಾಬ್ ಮುಗಿಸಿ ಗ್ರೀನ್ ಬ್ರಿಡ್ಜ್ ಮೇಲೆ ಡಟನ್ ಪಾರ್ಕಿಗೆ ಒಬ್ಬಳೇ ನಡೆಯುವ ವಿದ್ಯಾರ್ಥಿನಿಗೆ ಹುಷಾರು ಎಂದು ಹೇಳಿ ಮಲಗುವುದಕ್ಕಿಂತ, ಅದೇ ಹೊತ್ತಿಗೆ ಹೊರಡುವ ನಾಲ್ವರನ್ನು ಒಟ್ಟು ಸೇರಿಸುವುದು ಮೇಲು. ಅದೂ ಈ ತಂಡದ ಕೆಲಸವೇ.

ಕೊನೆಗೆ ಹಿರಿಯರೊಬ್ಬರು ಕೇಳಿದರು: ಎಲ್ಲರಿಗೂ ಕೆಲಸ, ಮಕ್ಕಳು, ಮನೆ ಸಾಲ. ಮಧ್ಯರಾತ್ರಿ ಫೋನು ಬಂದರೆ ಎತ್ತುವವರು ಯಾರಪ್ಪಾ? ಬಂದ ಪ್ರಶ್ನೆಗಳಲ್ಲಿ ಇದೇ ನಿಜವಾಗಿ ಕಷ್ಟದ್ದು. ಪ್ರಾಣಕ್ಕೆ ಅಪಾಯವಿದ್ದರೆ ಮೊದಲ ಕರೆ 000ಗೆ, ನಮಗಲ್ಲ. ನಾವು ಆಮೇಲಿನವರು. ಒಬ್ಬರ ಮೇಲೆ ತಿಂಗಳಿಗೆ ಹತ್ತು ಹನ್ನೊಂದು ದಿನಕ್ಕಿಂತ ಹೆಚ್ಚು ಭಾರ ಬೀಳಬಾರದು, ಅದಕ್ಕೇ ಮೂವರು ಎಂದದ್ದು. ತಿಂಗಳ ಮೊದಲ ಹತ್ತು ದಿನ ನನ್ನವು. ಎರಡನೆಯ ಹತ್ತು ದಿನಕ್ಕೆ ಟೂವಾಂಗಿನ ನರ್ಸ್ ಅಕ್ಕ ಒಪ್ಪಿದ್ದಾರೆ, ಹೆಣ್ಣುಮಕ್ಕಳ ಕರೆ ಯಾವ ದಿನ ಬಂದರೂ ತಮಗೇ ಕೊಡಿ ಎಂದಿದ್ದಾರೆ. ಇಪ್ಪತ್ತೊಂದರಿಂದ ತಿಂಗಳ ಕೊನೆಯವರೆಗೆ ಇನ್ನೂ ಯಾರೂ ಇಲ್ಲ.