ತೀರ್ಪುಗಳೂ ನಮ್ಮ ಕನ್ನಡ ಶಾಲೆಗಳೂ

ಹೊರನಾಡಿನ ಕನ್ನಡ ಶಾಲೆಗಳಿಗೆ ನ್ಯಾಯಾಲಯದ ತೀರ್ಪುಗಳು ಬಹುಮಟ್ಟಿಗೆ ವದಂತಿಯ ರೂಪದಲ್ಲಿಯೇ ಬಂದು ಮುಟ್ಟುತ್ತವೆ. "ಸುಪ್ರೀಂ ಕೋರ್ಟು ಹೀಗೆಂದಿತಂತೆ" ಎಂದು ಒಬ್ಬರು ಹೇಳಿದರೆ, ಕೇಳಿದವರು ತಮಗೆ ಒಪ್ಪುವಷ್ಟನ್ನು ನಂಬಿ ಉಳಿದುದನ್ನು ಬಿಡುತ್ತಾರೆ. ಆಡಳಿತ ಮಂಡಳಿಗಳು ಇಲ್ಲದ ಅಧಿಕಾರವನ್ನು ಕಲ್ಪಿಸಿಕೊಳ್ಳುವುದಕ್ಕೂ, ಶಿಕ್ಷಕರು ಇರುವ ಹಕ್ಕನ್ನು ಅರಿಯದೆ ಸುಮ್ಮನಿರುವುದಕ್ಕೂ ಇದೇ ಮೂಲ. ಆದುದರಿಂದ ನಮ್ಮನ್ನು ನೇರವಾಗಿ ಮುಟ್ಟುವ ನಾಲ್ಕು ನಿರ್ಣಯಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು, ನಾವು ಯಾರೆಂಬುದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ಮಂದಿ ನ್ಯಾಯಾಧೀಶರ ಪೀಠವು 2002ರಲ್ಲಿ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಅಳತೆಯಾಗಿಟ್ಟುಕೊಂಡೇ ನಿರ್ಣಯಿಸಬೇಕೆಂದಿತು. ಬೆಂಗಳೂರಿನಲ್ಲಿ ಬಹುಸಂಖ್ಯಾತನಾದ ಕನ್ನಡಿಗನು ಮುಂಬಯಿಯಲ್ಲಿ, ಚೆನ್ನೈಯಲ್ಲಿ ಭಾಷಾ ಅಲ್ಪಸಂಖ್ಯಾತನು. ತನ್ನ ಶಾಲೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಸಂವಿಧಾನದ 30ನೆಯ ವಿಧಿಯಿಂದ ಅವನಿಗಿದೆ.

ಆದರೆ ಈ ಹಕ್ಕು ಮನಬಂದಂತೆ ನಡೆಯುವ ಪರವಾನಗಿಯಲ್ಲ. ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ 1958ರಲ್ಲಿ ನೀಡಿದ ಅಭಿಪ್ರಾಯದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸ್ಪಷ್ಟಪಡಿಸಿತು. ಅನುದಾನವನ್ನೂ ಮನ್ನಣೆಯನ್ನೂ ಬೇಡುವ ಶಾಲೆಗೆ ಸರಕಾರವು ಸಮಂಜಸವಾದ ನಿಯಮಗಳನ್ನು ವಿಧಿಸಬಹುದು. "ನಮ್ಮದು ಅಲ್ಪಸಂಖ್ಯಾತರ ಸಂಸ್ಥೆ" ಎಂಬ ಮಾತು ಶಿಕ್ಷಕನಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರಲು ನೆಪವಾಗಕೂಡದು.

ಮೂರನೆಯದು ಮಹಾರಾಷ್ಟ್ರದ್ದೇ. ಐದನೆಯ ತರಗತಿಯಿಂದ ಮರಾಠಿಯನ್ನು ಕಡ್ಡಾಯ ಮಾಡಿದ ನಿಯಮವನ್ನು ಗುಜರಾತಿ ಶಾಲೆಗಳವರು ಪ್ರಶ್ನಿಸಿದಾಗ, 2004ರಲ್ಲಿ ನ್ಯಾಯಾಲಯವು ಆ ನಿಯಮವನ್ನು ಎತ್ತಿಹಿಡಿಯಿತು. ಇದರಲ್ಲಿ ನಮಗೆ ಅನ್ಯಾಯವೇನೂ ಕಾಣದು. ಗಲ್ಲಾದಲ್ಲಿ ಕೂತವನಿಗೂ ಕಚೇರಿಯ ಗುಮಾಸ್ತನಿಗೂ ಊರಿನ ಭಾಷೆ ಬಾರದೆ ದಿನ ಕಳೆಯದು. ನೆರೆಯವರ ನುಡಿಯನ್ನು ಕಲಿತರೆ ಮನೆಯ ನುಡಿ ಸವೆಯುವುದಿಲ್ಲ.

ನಾಲ್ಕನೆಯದೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವಂಥದು. ಕರ್ನಾಟಕ ಸರಕಾರವು 1994ರ ಆಜ್ಞೆಯಿಂದ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯನ್ನು ಇಲ್ಲವೆ ಕನ್ನಡವನ್ನು ಮಾಧ್ಯಮವನ್ನಾಗಿ ವಿಧಿಸಲು ಹೊರಟಿತು. ಐವರು ನ್ಯಾಯಾಧೀಶರ ಪೀಠವು 2014ರ ಮೇ 6ರಂದು, ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯವು ಮಗುವಿನ ಪರವಾಗಿ ತಂದೆತಾಯಿಗಳದೆಂದೂ ಸರಕಾರವು ಅದನ್ನು ಹೇರಲಾಗದೆಂದೂ ತೀರ್ಮಾನಿಸಿತು. ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಕರ್ಯ ಒದಗಿಸಲು ಯತ್ನಿಸಬೇಕೆಂಬ 350ಎ ವಿಧಿಯು 1956ರಿಂದ ಇದೆ. ಆದರೆ ಅದು ಸೌಕರ್ಯದ ಮಾತು, ಬಲಾತ್ಕಾರದ ಮಾತಲ್ಲ.

ಈ ನಾಲ್ಕನ್ನೂ ಕೂಡಿಸಿ ಓದಿದರೆ ತಿಳಿಯುವುದಿಷ್ಟೆ: ಶಾಲೆಯ ಬಾಗಿಲನ್ನು ತೆರೆದಿಡಲು ಕಾನೂನು ನೆರವಾಗುತ್ತದೆ, ಮಗುವಿನ ಕೈಹಿಡಿದು ಒಳಗೆ ಕರೆತರುವ ಹೊಣೆ ನಮ್ಮದು. ಹಗಲೆಲ್ಲ ಕಪ್ಪು-ಬಸಿ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹುಡುಗರೇ ಮುಂದೆ ಹೋಟೆಲುಗಳ ಒಡೆಯರಾದರು. ಅಂಥವರ ಮಕ್ಕಳು ಇಂಗ್ಲಿಷು ಶಾಲೆಗೆ ಹೋದರೆ ನಾವು ದೂಷಿಸಲಾರೆವು. ಅದು ಅವರ ಹಕ್ಕು. ಆದರೆ ನಮ್ಮ ಶಾಲೆ ಇಂಗ್ಲಿಷನ್ನೂ ಗಣಿತವನ್ನೂ ಚೆನ್ನಾಗಿ ಕಲಿಸಿದರೆ ಪಾಲಕರ ಆಯ್ಕೆ ಬೇರೆಯಾದೀತೆಂಬುದನ್ನು ಮಂಡಳಿಗಳು ಮನಗಾಣಬೇಕು.

ಪ್ರತಿ ಶಾಲೆಯೂ ಈ ತೀರ್ಪುಗಳ ಸಾರವನ್ನು ಕನ್ನಡದಲ್ಲಿ ಬರೆಯಿಸಿ ಶಿಕ್ಷಕರ ಕೊಠಡಿಯಲ್ಲಿಡಲಿ. ವರ್ಷಕ್ಕೊಮ್ಮೆ ಬಲ್ಲ ವಕೀಲರೊಬ್ಬರನ್ನು ಕರೆಸಿ, ಪಾಲಕರ ಸಮ್ಮುಖದಲ್ಲಿ ಅವುಗಳನ್ನು ವಿವರಿಸಿ ಹೇಳಿಸಲಿ. ಕರೆ ಬಂದಾಗ ನಮ್ಮ ವಾಚಕರು ಒಂದು ಸಂಜೆಯ ಬಿಡುವು ಮಾಡಿಕೊಂಡು ಹೋಗಬೇಕೆಂದು ವಿನಂತಿಸುತ್ತೇವೆ.