ನೃತ್ಯಾಭ್ಯಾಸ, ಕಾಲೇಜು, ಅರೆಕಾಲಿಕ ಕೆಲಸ: ಗಡಿನಾಡಿನ ಮಕ್ಕಳ ಲೆಕ್ಕಾಚಾರ

ಪ್ರತಿವರ್ಷ ಕಾಲೇಜುಗಳು ತೆರೆಯುವ ಹೊತ್ತಿಗೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಇನ್ನು ಕಾಲೇಜು ಶುರುವಾಯಿತು, ಡಾನ್ಸು ಸಾಕು.” ಆರೇಳು ವರ್ಷ ಭರತನಾಟ್ಯ ಕಲಿತು ಜೂನಿಯರ್ ಪರೀಕ್ಷೆ ಮುಗಿಸಿದ ಹುಡುಗಿಯ ಗೆಜ್ಜೆ ಪೆಟ್ಟಿಗೆ ಸೇರುತ್ತದೆ. ಕಾಸರಗೋಡಿನ ಕಡೆಯಲ್ಲಾದರೆ ಯಕ್ಷಗಾನದ ನಾಟ್ಯ ಕಲಿತ ಹುಡುಗ ಮತ್ತೆ ಬಣ್ಣ ಹಚ್ಚುವುದಿಲ್ಲ. ಮಕ್ಕಳಿಗೆ ಆಸಕ್ತಿ ಸಾಲದು, ಮೊಬೈಲಿನ ಮೋಹ ಹೆಚ್ಚು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನಾವು ಹಾಗೆ ಭಾವಿಸುವುದಿಲ್ಲ. ಗೆಜ್ಜೆ ಪೆಟ್ಟಿಗೆ ಸೇರುವುದಕ್ಕೆ ನಿಜವಾದ ಕಾರಣಗಳು ಬಸ್ಸಿನ ವೇಳೆ, ಹಾಜರಾತಿಯ ನಿಯಮ ಮತ್ತು ಮನೆಯ ಹಣಕಾಸು. ಇವು ಮೂರೂ ತಿದ್ದಬಹುದಾದ ಸಂಗತಿಗಳು. ಆದುದರಿಂದಲೇ ಈ ವಿಚಾರವನ್ನು ಇಲ್ಲಿ ಎತ್ತಿದ್ದೇವೆ.

ನಾವು ಬಲ್ಲ ಊರು ಬೇರಿಕೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಶೂಳಗಿರಿ ತಾಲೂಕಿಗೆ ಸೇರಿದ ಈ ಊರಿನ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಒಂದು ಕಡೆಗೆ ಹೊಸೂರು, ಇನ್ನೊಂದು ಕಡೆಗೆ ಕರ್ನಾಟಕದ ಮಾಲೂರು ತಾಲೂಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು, ಹೊಸೂರಿನ ಸೀಮೆ ಮದರಾಸಿನಲ್ಲೇ ಉಳಿಯಿತು. ಎರಡು ಸೀಮೆಗಳ ನಡುವೆ ನೂರಾರು ಮೈಲಿಗಳ ಅಂತರವಿದ್ದರೂ ಕನ್ನಡ ಮನೆಗಳ ಚಿಂತೆ ಹೆಚ್ಚುಕಡಮೆ ಒಂದೇ. ಬೇರಿಕೆಯ ಮಾತನ್ನು ಕಾಸರಗೋಡಿನ ಓದುಗರ ಮುಂದಿಡಲು ನಮಗೆ ಸಂಕೋಚವಿಲ್ಲದಿರುವುದು ಅದಕ್ಕಾಗಿಯೇ.

ಮೊದಲು ಒಂದು ದಿನದ ಲೆಕ್ಕ ನೋಡೋಣ. ಬೇರಿಕೆಯ ಸುತ್ತಿನ ಹಳ್ಳಿಯೊಂದರಿಂದ ಹೊಸೂರಿಗೆ ಓದಲು ಹೋಗುವ ಹುಡುಗಿ ಎಂದಿಟ್ಟುಕೊಳ್ಳಿ. ಕಾಲೇಜಿಗೆ 6 ಗಂಟೆ. ಬಸ್ಸಿಗೆ ಕಾಯುವುದೂ ಸೇರಿ ಹೋಗಿ ಬರಲು 3 ಗಂಟೆ. ನಿದ್ರೆಗೆ 7 ಗಂಟೆ. ಊಟ, ಸ್ನಾನ, ತಾಯಿಗೆ ಕೈಜೋಡಿಸುವ ಕೆಲಸಕ್ಕೆ 3 ಗಂಟೆ. ಇದಕ್ಕೆ ಸಂಪಾದನೆಯ 4 ಗಂಟೆ ಕೂಡಿಸಿದರೆ 23 ಆಯಿತು. ಮಿಕ್ಕ ಒಂದು ಗಂಟೆಯಲ್ಲಿ ಪಾಠ ಓದಬೇಕು, ನೃತ್ಯದ ಅಭ್ಯಾಸವನ್ನೂ ಮಾಡಬೇಕು. ಮನಸ್ಸಿದ್ದರೆ ಮಾರ್ಗವಿದೆ ಎಂದು ಉಪದೇಶಿಸುವವರು ಈ ಕೂಡಿಸುವ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಸಂಪಾದನೆಯ ಆ ನಾಲ್ಕು ಗಂಟೆಯನ್ನು ಬಿಡಬಾರದೇ ಎಂದು ಕೇಳಬಹುದು. ಬಿಡಲಾಗದ ಮನೆಗಳು ಬಹಳ. ಹೊಸೂರು ಕೈಗಾರಿಕಾ ಪಟ್ಟಣ. 1980ರ ದಶಕದಲ್ಲಿ ಟೈಟಾನ್ ಕೈಗಡಿಯಾರದ ಕಾರ್ಖಾನೆ ಅಲ್ಲಿ ಆರಂಭವಾಯಿತು. ವಾಹನಗಳ ಕಾರ್ಖಾನೆಗಳಿವೆ. ಈಚಿನ ವರ್ಷಗಳಲ್ಲಿ ಮೊಬೈಲ್ ಫೋನಿನ ಬಿಡಿಭಾಗ ತಯಾರಿಸುವ ದೊಡ್ಡ ಕಾರ್ಖಾನೆ ಸಾವಿರಾರು ಹುಡುಗಿಯರಿಗೆ ಕೆಲಸ ಕೊಟ್ಟಿದೆ. ಆದರೆ ಕಾರ್ಖಾನೆಯ ಕೆಲಸ ಪೂರ್ಣ ಪಾಳಿಯ ಕೆಲಸ, ಅಲ್ಲಿ ಅರ್ಧ ದಿನ ಎಂಬುದಿಲ್ಲ. ಕೆಲಸದ ದಿನವನ್ನು 12 ಗಂಟೆಯ ವರೆಗೆ ಎಳೆಯಲು ಅವಕಾಶ ಕೊಡುವ ಮಸೂದೆಯನ್ನು ತಮಿಳುನಾಡು ವಿಧಾನಸಭೆ 2023ರ ಏಪ್ರಿಲಿನಲ್ಲಿ ಅಂಗೀಕರಿಸಿ, ವಿರೋಧ ಬಂದಾಗ ಸರಕಾರ ಮೇ 1ರಂದು ಅದನ್ನು ಹಿಂತೆಗೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಕೈಗಾರಿಕೆಯ ಒಲವು ದಿನವನ್ನು ಉದ್ದಮಾಡುವ ಕಡೆಗೇ ಹೊರತು ವಿದ್ಯಾರ್ಥಿಗೆ ಅನುಕೂಲವಾಗುವಂತೆ ತುಂಡುಮಾಡುವ ಕಡೆಗಲ್ಲ. ಆದುದರಿಂದ ಓದುವ ಮಕ್ಕಳಿಗೆ ಸಿಗುವುದು ಬಟ್ಟೆ ಅಂಗಡಿಯಲ್ಲಿ ಸಂಜೆ ನಿಲ್ಲುವುದು, ಗುಲಾಬಿ ಹೂವು ಕಟ್ಟುವುದು, ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳುವುದು, ಮದುವೆ ಛತ್ರದಲ್ಲಿ ಬಡಿಸುವುದು. ಇವುಗಳಿಗೆ ರಜೆಯ ನಿಯಮವಿಲ್ಲ, ಬರಹದ ಒಪ್ಪಂದವಿಲ್ಲ. ಅಂಗಡಿಯಲ್ಲಿ ನಾಲ್ಕು ಗಂಟೆ ನಿಂತ ಕಾಲು ರಾತ್ರಿ ಅರೆಮಂಡಿಗೆ ಬಗ್ಗಬೇಕೆಂದರೆ ಮಂಡಿಯ ಗತಿ ಏನು ಎಂಬುದನ್ನು ನೃತ್ಯ ಕಲಿಸುವವರೇ ಹೇಳಬಲ್ಲರು.

ಇನ್ನು ನೃತ್ಯ ಕಲಿಯುವುದಾದರೂ ಎಲ್ಲಿ? ಕೃಷ್ಣಗಿರಿಯಲ್ಲಿ ಜಿಲ್ಲಾ ಸರಕಾರಿ ಸಂಗೀತ ಶಾಲೆಯಿದೆ. ಭರತನಾಟ್ಯವೂ ಸೇರಿ ಹಲವು ವಿಭಾಗಗಳಲ್ಲಿ ಮೂರು ವರ್ಷಗಳ ಶಿಕ್ಷಣ ಅಲ್ಲಿ ದೊರೆಯುತ್ತದೆ, ಶುಲ್ಕವೂ ಹಗುರ. ಆದರೆ ಅದು ಹಗಲಿನ ಶಾಲೆ, ಪಾಠವೆಲ್ಲ ತಮಿಳಿನಲ್ಲಿ. ಕಾಲೇಜಿಗೆ ಹೋಗುವವರಿಗೆ ಎರಡೂ ಒಂದೇ ಹೊತ್ತಿನವು. ಕನ್ನಡ ಮನೆಯ ಮಕ್ಕಳು ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳತ್ತ ನೋಡುವುದು ಸಹಜ, ಏಕೆಂದರೆ ಅವುಗಳ ಶಾಸ್ತ್ರಭಾಗವನ್ನು ಕನ್ನಡದಲ್ಲಿ ಬರೆಯಬಹುದು. ಅದಕ್ಕಾಗಿ ಮಾಲೂರಿಗೋ ಬೆಂಗಳೂರಿಗೋ ಹೋಗಬೇಕು. ಇಲ್ಲಿ ಬಸ್ಸಿನ ಪ್ರಶ್ನೆ ಬರುತ್ತದೆ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು, ಆದರೆ ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಕನ್ನಡದಲ್ಲೇ ನೃತ್ಯ ಕಲಿಯಬೇಕೆಂದು ಗಡಿ ದಾಟುವ ಬೇರಿಕೆಯ ಹುಡುಗಿ ಕನ್ನಡ ನಾಡಿನ ಬಸ್ಸಿನಲ್ಲಿ ಹಣ ಕೊಟ್ಟು ಕೂರಬೇಕು. ಎರಡು ಸರಕಾರಗಳ ಔದಾರ್ಯವೂ ಗಡಿಕಲ್ಲಿನ ಹತ್ತಿರ ನಿಂತುಬಿಡುತ್ತದೆ.

ಇದೆಲ್ಲ ಒಂದು ಹವ್ಯಾಸದ ಮಾತು, ಇದಕ್ಕೆ ಇಷ್ಟು ಚರ್ಚೆ ಬೇಕೇ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಹತ್ತನೆಯ ತರಗತಿ ದಾಟಿದ ಮೇಲೆ ನಮ್ಮ ಮಕ್ಕಳ ಬದುಕಿನಲ್ಲಿ ಕನ್ನಡಕ್ಕೆ ಉಳಿಯುವ ಜಾಗ ಯಾವುದು? ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ. ಅಂಗಡಿಯ ವ್ಯವಹಾರ ತಮಿಳಿನಲ್ಲಿ, ನಿಮ್ಮ ಕಡೆ ಮಲಯಾಳದಲ್ಲಿ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ, ಕೇರಳದ 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆ ಇವೆರಡರ ಫಲವನ್ನು ಶಾಲೆಯ ಹಂತದಲ್ಲೇ ನಾವೆಲ್ಲ ಕಂಡಿದ್ದೇವೆ. ರಾಜ್ಯದ ಭಾಷೆಯನ್ನು ಕಲಿಯಬಾರದೆಂದು ಯಾವ ವಿವೇಕಿಯೂ ಹೇಳುವುದಿಲ್ಲ. ಅದನ್ನು ಕಲಿತ ಮಗುವಿಗೆ ತನ್ನ ಭಾಷೆಯನ್ನು ಬಾಯಿತುಂಬ ಆಡುವ, ಅರ್ಥಮಾಡಿಕೊಳ್ಳುವ ಒಂದು ಎಡೆ ಬೇಕೆಂಬುದಷ್ಟೇ ನಮ್ಮ ವಾದ. ದಾಸರ ಪದಕ್ಕೆ ಅಭಿನಯ ಮಾಡುವ ಹುಡುಗಿ ಒಂದೊಂದು ಶಬ್ದದ ಭಾವವನ್ನೂ ಕೇಳಿ ತಿಳಿಯಬೇಕಾಗುತ್ತದೆ. ಯಕ್ಷಗಾನದ ಹುಡುಗ ಪದ್ಯದ ಅರ್ಥ ತಿಳಿಯದೆ ಮಾತು ಕಟ್ಟಲಾರ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದರಿಂದ ಶಾಲೆಯಲ್ಲಿರುವಷ್ಟು ಕಾಲ ಕಲೆಗೆ ಒಂದು ಬೆಲೆಯಿದೆ. ಶಾಲೆ ಮುಗಿದ ಮರುವರ್ಷವೇ ಆ ಆಸರೆ ಸಡಿಲವಾಗುತ್ತದೆ.

ಹಾಗಾದರೆ ಮಾಡುವುದೇನು? ಹಿಂದಿನವರ ಕ್ರಮದಲ್ಲಿ ಒಂದು ಪಾಠವಿದೆ. ಯಕ್ಷಗಾನದ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಿದ್ದುವು. ಮಳೆಗಾಲದಲ್ಲಿ ಕಲಾವಿದನೂ ಗದ್ದೆಗಿಳಿಯುತ್ತಿದ್ದ. ಕೃಷ್ಣಗಿರಿ, ಧರ್ಮಪುರಿಯ ಹಳ್ಳಿಗಳಲ್ಲಿ ಮಹಾಭಾರತದ ಕೂತ್ತು ನಡೆಯುವುದೂ ಹೊಲದ ಕೆಲಸ ಬಿಡುವಾಗಿರುವ ಬೇಸಗೆಯಲ್ಲಿಯೇ. ಅವರು ದಿನವನ್ನು ಮೂರು ತುಂಡು ಮಾಡಲಿಲ್ಲ, ವರ್ಷವನ್ನು ಭಾಗ ಮಾಡಿದರು. ನಮ್ಮ ಮಕ್ಕಳೂ ಹಾಗೆಯೇ ಮಾಡಬಹುದು. ಕಾಲೇಜು ನಡೆಯುವ ತಿಂಗಳುಗಳಲ್ಲಿ ದಿನಕ್ಕೆ ಅರ್ಧ ಗಂಟೆಯ ಅಡವು, ವಾರಕ್ಕೊಂದು ಪಾಠ ಸಾಕು. ಭಾನುವಾರ ಒಂದೇ ದಿನ ಐದು ಗಂಟೆ ಕುಣಿದು ಮೈ ನೋಯಿಸಿಕೊಳ್ಳುವುದಕ್ಕಿಂತ ಇದು ಲೇಸು. ಹೊಸ ಕೃತಿ ಕಲಿಯುವುದು, ನೃತ್ಯ ಪರೀಕ್ಷೆಯ ತಯಾರಿ ಸೆಮಿಸ್ಟರ್ ರಜೆಗೆ ಇರಲಿ. ಹೆಚ್ಚು ಗಂಟೆಯ ಸಂಪಾದನೆಯೂ ರಜೆಯಲ್ಲೇ ಇರಲಿ. ಕಾಲೇಜು ಪರೀಕ್ಷೆಯ ತಿಂಗಳಲ್ಲಿ ನೃತ್ಯ ಮತ್ತು ಕೆಲಸ ಎರಡೂ ಹಿಂದೆ ಸರಿಯಲಿ. ಈ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ಗುರುಗಳಿಗೂ ಕೆಲಸ ಕೊಟ್ಟವರಿಗೂ ತಿಳಿಸಿಬಿಡಬೇಕು.

ಹಾಜರಾತಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಕಾಲೇಜುಗಳಲ್ಲಿ ಶೇಕಡ 75 ಹಾಜರಾತಿ ಬೇಕು. ಸೆಮಿಸ್ಟರಿಗೆ 90 ದಿನವೆಂದು ಹಿಡಿದರೆ ತಪ್ಪಿಸಬಹುದಾದದ್ದು 22 ದಿನ. ಜ್ವರ, ಮದುವೆ, ಬಸ್ ಮುಷ್ಕರ ಎಲ್ಲವೂ ಇದರಲ್ಲೇ ಬರಬೇಕು. ಕಾರ್ಯಕ್ರಮಗಳಿಗೆಂದು ಇದರಲ್ಲಿ ಏಳೆಂಟು ದಿನಕ್ಕಿಂತ ಹೆಚ್ಚು ತೆಗೆಯುವುದು ಜಾಣತನವಲ್ಲ. ಇನ್ನೊಂದು ಸಂಗತಿ ಅನೇಕ ಹೆತ್ತವರಿಗೆ ತಿಳಿದಿಲ್ಲ. ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ ವಿದ್ಯಾರ್ಥಿ ಒಂದೇ ಕಾಲದಲ್ಲಿ ಎರಡು ಪದವಿ ಶಿಕ್ಷಣ ಪಡೆಯಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ಏಪ್ರಿಲಿನಲ್ಲಿ ಪ್ರಕಟಿಸಿದೆ. ಬಿ.ಕಾಂ. ಓದುವವಳು ಸಂಜೆ ನೃತ್ಯದ ಪದವಿಗೆ ಸೇರುವುದಕ್ಕೆ ನಿಯಮದ ಅಡ್ಡಿ ಇಲ್ಲವೆಂದಾಯಿತು. ಸಂಜೆಯ ತರಗತಿ ಹತ್ತಿರದಲ್ಲಿರಬೇಕು, ಅಷ್ಟೇ.

ಹಣದ ವಿಷಯಕ್ಕೆ ಬಂದರೆ, ತಮಿಳುನಾಡಿನ ಪುದುಮೈ ಪೆಣ್ ಯೋಜನೆಯನ್ನು ನಾವು ಮೆಚ್ಚಬೇಕು. 2022ರ ಸೆಪ್ಟೆಂಬರ್ 5ರಂದು ಆರಂಭವಾದ ಈ ಯೋಜನೆ, 6ರಿಂದ 12ನೆಯ ತರಗತಿಯ ವರೆಗೆ ಸರಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡಲೆಂದು ಬಂತು. ಹುಡುಗರಿಗೆ ಇಂಥದೇ ಯೋಜನೆ 2024ರ ಆಗಸ್ಟಿನಲ್ಲಿ ಬಂತು. ವರ್ಷಕ್ಕೆ 12,000 ರೂಪಾಯಿ ಎಂದರೆ ನೃತ್ಯದ ಶುಲ್ಕ, ಬಸ್ಸಿನ ಖರ್ಚಿಗೆ ದೊಡ್ಡ ಆಸರೆ. ವಾರದಲ್ಲಿ ಒಂದೆರಡು ಸಂಜೆಯ ಅಂಗಡಿ ಕೆಲಸವನ್ನು ಅದು ತಪ್ಪಿಸಬಲ್ಲದು. ಆದರೆ ಅನುದಾನಿತ ಶಾಲೆಗಳಿಗೆ ಯೋಜನೆಯನ್ನು ವಿಸ್ತರಿಸಿದಾಗ ತಮಿಳು ಮಾಧ್ಯಮದಲ್ಲಿ ಓದಿರಬೇಕೆಂಬ ಷರತ್ತು ಸೇರಿತು. ಇಂಗ್ಲಿಷ್ ಮಾಧ್ಯಮದ ಮೋಹವನ್ನು ತಡೆಯುವುದು ಅದರ ಉದ್ದೇಶವಿದ್ದೀತು. ಆದರೆ ಆ ಷರತ್ತಿನ ಮಾತಿನಂತೆ, ತಾಯ್ನುಡಿಯಲ್ಲೇ ಓದಿದ ಅಲ್ಪಸಂಖ್ಯಾತ ಭಾಷೆಯ ಮಗುವೂ ಹೊರಗುಳಿಯುತ್ತದೆ. ‘ತಮಿಳು ಅಥವಾ ಅಲ್ಪಸಂಖ್ಯಾತ ತಾಯ್ನುಡಿ’ ಎಂದು ತಿದ್ದಬೇಕೆಂಬುದು ನ್ಯಾಯವಾದ ಬೇಡಿಕೆ.

ಮನೆಯವರಿಗೂ ಒಂದು ಮಾತು. ರಂಗಪ್ರವೇಶದ ಆಡಂಬರಕ್ಕೆ ಸಾಲ ಮಾಡಬೇಡಿ. ಸಭಾಂಗಣ, ವಾದ್ಯದವರು, ಉಡುಪು, ಊಟ ಎಂದು ಲಕ್ಷಗಟ್ಟಲೆ ಸುರಿದು ಆ ಸಾಲ ತೀರಿಸಲು ಮಗಳನ್ನೇ ಕೆಲಸಕ್ಕೆ ಕಳುಹಿಸುವುದು ಯಾವ ಕಲಾಸೇವೆ? ಸೀನಿಯರ್ ಪರೀಕ್ಷೆಯ ಅಂಕಪಟ್ಟಿ ಅದಕ್ಕಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಅದು ಕೈಯಲ್ಲಿದ್ದರೆ ಹುಡುಗಿ ತನ್ನ ಊರಿನಲ್ಲೇ ಚಿಕ್ಕ ಮಕ್ಕಳಿಗೆ ಅಡವು ಕಲಿಸಿ ಸಂಪಾದಿಸಬಹುದು. ಆಗ ನೃತ್ಯ ಮತ್ತು ಕೆಲಸ ಎರಡಾಗಿ ಉಳಿಯುವುದಿಲ್ಲ. ಅಂಗಡಿಯಲ್ಲಿ ನಿಲ್ಲುವ ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಗೆಜ್ಜೆಯ ಜತೆಗೇ ಕಳೆಯುತ್ತದೆ. ನಾವು ಕಂಡಂತೆ ಈ ಮೂರು ಹೊರೆಗಳನ್ನು ಹಗುರಮಾಡುವ ಅತ್ಯಂತ ಸರಳ ಉಪಾಯ ಇದು.

ಇದಕ್ಕೆ ಬೇಕಾದುದು ಜಾಗ ಮತ್ತು ಒಬ್ಬ ಗುರು. ಗಡಿಯಾಚೆಯ ಕನ್ನಡಕ್ಕೂ ನೆರವು ನೀಡಲು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಒಂದು ದಿನದ ಉತ್ಸವ, ಶಾಲು, ಹಾರಗಳಿಗೆ ಆಗುವ ವೆಚ್ಚದಲ್ಲಿ ಒಂದು ಪಾಲನ್ನು ಗಡಿಯ ಕನ್ನಡ ಶಾಲೆಗಳಲ್ಲಿ ವಾರಕ್ಕೆ ಎರಡು ಸಂಜೆ ನೃತ್ಯ, ಯಕ್ಷಗಾನ ಕಲಿಸುವವರ ಗೌರವಧನಕ್ಕೆ ತಿರುಗಿಸಿದರೆ ಮಕ್ಕಳು ಬಸ್ಸಿಗೆ ಕಾಯುವ ಗಂಟೆಗಳು ಉಳಿಯುತ್ತವೆ. ನೃತ್ಯ ಪರೀಕ್ಷೆಯ ಕೇಂದ್ರಗಳನ್ನು ಗಡಿಗೆ ಹತ್ತಿರ ಇರಿಸಬೇಕು. ಗುರುತಿನ ಚೀಟಿ ತೋರಿಸುವ ಗಡಿನಾಡ ವಿದ್ಯಾರ್ಥಿನಿಗೆ ಗಡಿಯ ಮಾರ್ಗದ ಬಸ್ಸುಗಳಲ್ಲಾದರೂ ಶಕ್ತಿ ಯೋಜನೆಯ ಸೌಲಭ್ಯ ಸಿಗಬೇಕು. ಇವು ಯಾವುವೂ ಬೊಕ್ಕಸ ಬರಿದುಮಾಡುವ ಬೇಡಿಕೆಗಳಲ್ಲ.

ನಮ್ಮ ಮಕ್ಕಳು ಓದನ್ನು ಬಿಡಲಾರರು, ಬಡ ಮನೆಯವರು ಕೆಲಸವನ್ನು ಬಿಡಲಾರರು. ಬಿಡಬಹುದಾದದ್ದು ಕಲೆಯೊಂದೇ ಎಂಬ ಸ್ಥಿತಿ ಬಂದಾಗ ಅದರ ಜತೆಗೆ ಕನ್ನಡವೂ ಮನೆಯಿಂದ ಒಂದು ಹೆಜ್ಜೆ ಹೊರಗೆ ಇಡುತ್ತದೆ. ಮುಂದಿನ ಜೂನಿನೊಳಗೆ ನಮ್ಮ ಸಂಘಗಳು ಈ ಬೇಡಿಕೆಗಳನ್ನು ಬರಹದಲ್ಲಿ ಅಧಿಕಾರಿಗಳ ಮುಂದಿಡಲಿ. ಹೆತ್ತವರು ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕಿಸುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ವರ್ಷದ ಲೆಕ್ಕವನ್ನು ಒಮ್ಮೆ ಬರೆದು ನೋಡಲಿ.